ಟಾರ್ಗೆಟ್ ಏರಿಸಿದರೆ ಕಂಪೈಲ್ ಬೇಗ ಆಗುತ್ತದೆಯೇ?

ಪ್ರಶ್ನೆ: ನಮ್ಮ ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್ ಒಂದು ಸಲ ಕಂಪೈಲ್ ಆಗಲು ಒಂದೂವರೆ ನಿಮಿಷ ಹಿಡಿಯುತ್ತದೆ. ಟಾರ್ಗೆಟ್ (ಔಟ್‌ಪುಟ್ ಯಾವ ಜಾವಾಸ್ಕ್ರಿಪ್ಟ್ ಆವೃತ್ತಿಯಲ್ಲಿರಬೇಕೆಂಬ ಆಯ್ಕೆ) ಈಗ ಇಎಸ್5. ಅದನ್ನು ಇಎಸ್2022 ಮಾಡಿದರೆ ವೇಗ ಹೆಚ್ಚುತ್ತದೆಯೇ? ಏನಾದರೂ ಕೆಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಅಳೆದು ನೋಡಿ. ಟಿಎಸ್‌ಸಿಗೆ (ಟೈಪ್‌ಸ್ಕ್ರಿಪ್ಟ್ ಕಂಪೈಲರಿಗೆ) ‘ಎಕ್ಸ್‌ಟೆಂಡೆಡ್ ಡಯಾಗ್ನಾಸ್ಟಿಕ್ಸ್’ ಆಯ್ಕೆ ಕೊಟ್ಟು ಓಡಿಸಿದರೆ ಪಾರ್ಸ್ (ಕೋಡ್ ಓದುವುದು), ಬೈಂಡ್ (ಹೆಸರುಗಳನ್ನು ಜೋಡಿಸುವುದು), ಚೆಕ್ (ಟೈಪ್ ಪರಿಶೀಲನೆ), ಎಮಿಟ್ (ಜಾವಾಸ್ಕ್ರಿಪ್ಟ್ ಹೊರಡಿಸುವುದು) ಒಂದೊಂದಕ್ಕೂ ಎಷ್ಟು ಸೆಕೆಂಡು ಹೋಯಿತೆಂದು ತೋರಿಸುತ್ತದೆ. ಸಾಮಾನ್ಯವಾಗಿ ಸಿಂಹಪಾಲು ಚೆಕ್‌ನದು. ಟಾರ್ಗೆಟ್ ಬದಲಿಸುವುದು ಮುಖ್ಯವಾಗಿ ಎಮಿಟ್ ಕೆಲಸವನ್ನು, ಹಾಗಾಗಿ ಅದರಿಂದ ಹೆಚ್ಚು ಉಳಿಯದು.

ಚೆಕ್ ಇಳಿಸಲು ‘ಸ್ಕಿಪ್‌ಲಿಬ್‌ಚೆಕ್’ ಹಾಕಿ. ಲೈಬ್ರರಿಗಳ ಡಿಕ್ಲರೇಶನ್ ಫೈಲುಗಳ ಪರಿಶೀಲನೆ ತಪ್ಪುತ್ತದೆ. ‘ಇನ್‌ಕ್ರಿಮೆಂಟಲ್’ ಇದ್ದರೆ ಎರಡನೇ ಸಲದಿಂದ ಬದಲಾದ ಫೈಲು, ಅದನ್ನು ಅವಲಂಬಿಸಿದವು ಮಾತ್ರ ಚೆಕ್ ಆಗುತ್ತವೆ. ಸಿಐನಲ್ಲಿ (ಸರ್ವರಿನಲ್ಲಿ ತಾನಾಗಿ ನಡೆಯುವ ಬಿಲ್ಡ್‌ನಲ್ಲಿ) ಹಿಂದಿನ ಸಲದ ಮಾಹಿತಿ ಇರುವ ಟಿಎಸ್‌ಬಿಲ್ಡ್‌ಇನ್ಫೋ ಫೈಲನ್ನು ಕ್ಯಾಶ್ ಮಾಡದಿದ್ದರೆ ಅಲ್ಲಿ ಈ ಲಾಭ ಸಿಗದು. ಇನ್ನೂ ವೇಗ ಬೇಕಾದರೆ ಜಾವಾಸ್ಕ್ರಿಪ್ಟ್ ಹೊರಡಿಸುವ ಕೆಲಸವನ್ನು ಇಎಸ್‌ಬಿಲ್ಡ್ ಎಂಬ ವೇಗದ ಬಿಲ್ಡ್ ಟೂಲಿಗೆ ಬಿಡಿ. ಅದು ಟೈಪ್ ಚೆಕ್ ಮಾಡುವುದಿಲ್ಲ, ಹಾಗಾಗಿ ಟಿಎಸ್‌ಸಿಯನ್ನು ‘ನೋಎಮಿಟ್’ (ಫೈಲು ಹೊರಡಿಸದ ಆಯ್ಕೆ) ಜತೆ ಪಕ್ಕದಲ್ಲೇ ಓಡಿಸಲೇಬೇಕು. ನಿಮ್ಮ ಇಎಸ್5 ಅಡ್ಡ ಬರುವುದು ಇಲ್ಲೇ: ಕ್ಲಾಸ್, ಕಾನ್ಸ್ಟ್‌ಗಳನ್ನು ಇಎಸ್5ಕ್ಕೆ ಇಳಿಸಲು ಇಎಸ್‌ಬಿಲ್ಡ್ ಒಪ್ಪದೆ ಎರರ್ ಕೊಡುತ್ತದೆ.

ಟಾರ್ಗೆಟ್ ಏರಿಸುವ ನಿಜವಾದ ಲಾಭ ಔಟ್‌ಪುಟ್‌ನಲ್ಲಿದೆ. ಇಎಸ್5ರಲ್ಲಿ ಒಂದು ಪುಟ್ಟ ಅಸಿಂಕ್ ಫಂಕ್ಷನ್ ಕೂಡ ಸ್ವಿಚ್-ಕೇಸ್ ತುಂಬಿದ ಸ್ಟೇಟ್ ಮೆಷಿನ್ ಆಗುತ್ತದೆ. ಇಎಸ್2017ರಿಂದ ಮೇಲೆ ಬರೆದದ್ದು ಬರೆದಂತೆಯೇ ಉಳಿಯುತ್ತದೆ.

ಕೆಡುವುದು ಕ್ಲಾಸ್ ಫೀಲ್ಡ್‌ಗಳಲ್ಲಿ. ಇಎಸ್2022ರಿಂದ ‘ಯೂಸ್ ಡಿಫೈನ್ ಫಾರ್ ಕ್ಲಾಸ್ ಫೀಲ್ಡ್ಸ್’ ಆಯ್ಕೆ ತಾನಾಗಿ ಆನ್ ಆಗುತ್ತದೆ. ಪೇರೆಂಟ್ ಕ್ಲಾಸಿನ ಕನ್‌ಸ್ಟ್ರಕ್ಟರ್ ‘ಇನಿಟ್’ ಮೆಥಡ್ ಕರೆಯುತ್ತದೆ, ಚೈಲ್ಡ್ ಕ್ಲಾಸಿನ ‘ಇನಿಟ್’ ತನ್ನ ‘ಹೆಸರು’ ಫೀಲ್ಡಿಗೆ ಬೆಲೆ ತುಂಬುತ್ತದೆ ಎಂದುಕೊಳ್ಳಿ. ಚೈಲ್ಡ್‌ನಲ್ಲಿ ‘ಹೆಸರು!: ಸ್ಟ್ರಿಂಗ್’ ಎಂದಷ್ಟೇ ಘೋಷಿಸಿದ್ದರೆ, ‘ಸೂಪರ್’ ಮುಗಿದ ಮರುಕ್ಷಣ ಆ ಫೀಲ್ಡ್ ಹೊಸದಾಗಿ ಹುಟ್ಟಿ, ತುಂಬಿದ ಬೆಲೆ ಅನ್‌ಡಿಫೈನ್ಡ್ ಆಗುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಘೋಷಣೆಯ ಮುಂದೆ ‘ಡಿಕ್ಲೇರ್’ ಸೇರಿಸಿ, ಆಶ್ಚರ್ಯಸೂಚಕ ತೆಗೆಯಿರಿ. ಇಂಥ ಕ್ಲಾಸ್‌ಗಳು ಬಹಳ ಇದ್ದರೆ ಸದ್ಯಕ್ಕೆ ಆ ಆಯ್ಕೆಯನ್ನು ಫಾಲ್ಸ್ ಮಾಡಿ, ಒಂದೊಂದಾಗಿ ಸರಿಪಡಿಸಿ.

ಇನ್ನೊಂದು: ಟಾರ್ಗೆಟ್ ಸಿಂಟ್ಯಾಕ್ಸನ್ನು ಮಾತ್ರ ಇಳಿಸುತ್ತದೆ. ಅರೇಯ ‘ಅಟ್’ ಮೆಥಡ್ ಹಳೆಯ ಬ್ರೌಸರಿನಲ್ಲಿ ಬೇಕಾದರೆ ಕೋರ್-ಜೆಎಸ್‌ನಂಥ ಪಾಲಿಫಿಲ್ (ಇಲ್ಲದ ಮೆಥಡ್ ಒದಗಿಸುವ ಕೋಡ್) ನೀವೇ ಸೇರಿಸಬೇಕು.