ಹಾರ್ಟ್ಲಿಪೂಲ್ ಬಗ್ಗೆ ಸುಳ್ಳು ಕಟ್ಟುವ ಮುಂಚೆ ಆ ಊರನ್ನು ತಿಳ್ಕೊಳ್ಳಿ

ಪ್ರಿಯ ಬರಹಗಾರರೇ,

ನೀವು ಕಳಿಸಿದ ‘ಹಾರ್ಟ್ಲಿಪೂಲ್ ಬಗ್ಗೆ ನಿಮಗೆ ಗೊತ್ತಿಲ್ಲದ 30 ಸತ್ಯಗಳು’ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಹಾಸ್ಯದ ಪುಟಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಈ ಮೂವತ್ತರ ರಾಶಿಯೊಳಗೆ ಒಂದು ಒಳ್ಳೆಯ ಬರಹ ಇದೆ. ಅದನ್ನು ನೀವೇ ಹೊರಗೆ ತೆಗೆಯಬಲ್ಲಿರಿ ಅನ್ನುವ ನಂಬಿಕೆ ನನಗಿದೆ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಹಿನ್ನೆಲೆ ಚೆನ್ನಾಗಿದೆ. ಕೆಲಸಕ್ಕೆ ಅಂತ ಇಂಗ್ಲೆಂಡಿನ ಈಶಾನ್ಯ ಮೂಲೆಗೆ ಹೋದಿರಿ, ಡಾರ್ಲಿಂಗ್ಟನ್‌ನಲ್ಲಿ ಮನೆ ಮಾಡಿದಿರಿ, ಆ ಊರಿನ ಪುಟ್ಟ ಫುಟ್‌ಬಾಲ್ ಕ್ಲಬ್ಬಿಗೆ ಮನಸ್ಸು ಕೊಟ್ಟಿರಿ. ಕ್ಲಬ್ಬಿನ ಜೊತೆ ಅದರ ಹಗೆಯೂ ಬಳುವಳಿಯಾಗಿ ಬಂತು. ಗಾಡಿಯಲ್ಲಿ ಹೊರಟರೆ ಒಂದು ಗಂಟೆಯೊಳಗೆ ಸಿಗುವ ಕಡಲತೀರದ ಹಾರ್ಟ್ಲಿಪೂಲ್ ಈಗ ನಿಮಗೂ ಎದುರಾಳಿ ಊರು. ಇಂಥ ಊರಿನ ಬಗ್ಗೆ ಇಲ್ಲದ್ದನ್ನು ಕಟ್ಟಿ ಹೇಳಿ ನಗುವುದು ಫುಟ್‌ಬಾಲ್ ಅಭಿಮಾನಿಗಳಿಗೆ ಪಂದ್ಯದಷ್ಟೇ ಇಷ್ಟ. ಅದನ್ನು ಕನ್ನಡದಲ್ಲಿ ಮಾಡಿ ನೋಡೋಣ ಅಂದುಕೊಂಡಿರಲ್ಲ, ಆ ಆಸೆ ನನಗೆ ಹಿಡಿಸಿತು.

ಈಗ ತೊಂದರೆಗೆ ಬರೋಣ. ನಿಮ್ಮ ಮೊದಲ ಐಟಂ: ‘ಹಾರ್ಟ್ಲಿಪೂಲ್‌ನವರು ವರ್ಷಕ್ಕೊಂದೇ ಸಲ ಸ್ನಾನ ಮಾಡುತ್ತಾರೆ.’ ಎರಡನೆಯದು: ‘ಆ ಊರಿಗೆ ಕರೆಂಟ್ ಬಂದಿದ್ದು ಹೋದ ವಾರ.’ ಐದನೆಯದು: ‘ಅಲ್ಲಿನ ಆಟಗಾರರಿಗೆ ಎಡಗಾಲು ಯಾವುದು ಬಲಗಾಲು ಯಾವುದು ಗೊತ್ತಿಲ್ಲ.’ ಇವುಗಳಲ್ಲಿ ಹಾರ್ಟ್ಲಿಪೂಲ್ ಅನ್ನುವ ಹೆಸರು ತೆಗೆದು ಸಂಡರ್‌ಲ್ಯಾಂಡ್ ಅಂತ ಹಾಕಿ. ಮಿಡಲ್ಸ್‌ಬರೋ ಅಂತ ಹಾಕಿ. ಏನಾದರೂ ಬದಲಾಯಿತಾ? ಇಲ್ಲ. ಯಾವ ಊರಿಗೆ ಬೇಕಾದರೂ ಅಂಟಿಸಬಹುದಾದ ಬೈಗುಳ ಆ ಊರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ನಾನು ಮೂವತ್ತಕ್ಕೂ ಹೀಗೆ ಹೆಸರು ಬದಲಿಸಿ ನೋಡಿದೆ. ಇಪ್ಪತ್ತೊಂದು ಬಿದ್ದುಹೋದವು. ಅವನ್ನು ತಿದ್ದುವ ಕಷ್ಟ ಬೇಡ, ಸುಮ್ನೆ ಕೈಬಿಡಿ.

ಉಳಿದ ಒಂಬತ್ತರ ಬಗ್ಗೆ ಮಾತಾಡಬಹುದು. ಅವುಗಳಲ್ಲಿ ಹೆಚ್ಚಿನವು ಕೋತಿಯ ಸುತ್ತ ಇವೆ, ಇರಲೇಬೇಕು. ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಹಾರ್ಟ್ಲಿಪೂಲ್ ಹತ್ತಿರ ಒಂದು ಫ್ರೆಂಚ್ ಹಡಗು ಮುಳುಗಿತು. ಬದುಕಿ ದಡ ಸೇರಿದ್ದು ಒಂದೇ ಒಂದು ಕೋತಿ, ಅದೂ ಸೈನಿಕರ ಬಟ್ಟೆ ತೊಟ್ಟಿತ್ತು. ಊರಿನ ಮೀನುಗಾರರು ಫ್ರೆಂಚರನ್ನು ಕಂಡವರೇ ಅಲ್ಲ. ಮರಳಿನ ಮೇಲೇ ವಿಚಾರಣೆ ಮಾಡಿದರು. ಕೋತಿ ಉತ್ತರ ಕೊಡಲಿಲ್ಲ. ಗೂಢಚಾರನೇ ಸರಿ ಅಂತ ತೀರ್ಮಾನಿಸಿ ನೇಣಿಗೆ ಹಾಕಿದರು. ಇದು ಕತೆ. ನಡೆದಿದ್ದಕ್ಕೆ ಆಧಾರ ಇಲ್ಲ. 19ನೇ ಶತಮಾನದಲ್ಲಿ ಹಾಡಾಗಿ ಹಬ್ಬಿತು, ಊರಿಗೆ ಅಂಟಿಕೊಂಡಿತು. ‘ಕೋತಿಯನ್ನು ನೇಣಿಗೆ ಹಾಕಿದವರು’ ಅಂತ ಸುತ್ತಲಿನವರು ಇವತ್ತಿಗೂ ಅವರನ್ನು ಕರೆಯುತ್ತಾರೆ.

ಗಮನಿಸಿದಿರಾ? ಎದುರಾಳಿ ಊರಿನ ಬಗ್ಗೆ ಕಟ್ಟಿದ ಸುಳ್ಳು ಸತ್ಯಗಳಲ್ಲಿ ಅತ್ಯುತ್ತಮವಾದದ್ದು ನಿಮಗಿಂತ ಎಷ್ಟೋ ಮುಂಚೆ ಸಿದ್ಧವಾಗಿ ಕೂತಿದೆ. ಅದಕ್ಕಿಂತ ಮುಖ್ಯವಾದದ್ದು ಊರಿನವರು ಅದನ್ನು ಏನು ಮಾಡಿದರು ಅನ್ನುವುದು. ಸಿಟ್ಟಾಗಲಿಲ್ಲ, ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಹಾರ್ಟ್ಲಿಪೂಲ್ ಯುನೈಟೆಡ್ ಕ್ಲಬ್ಬಿನ ಮ್ಯಾಸ್ಕಾಟ್, ಅಂದರೆ ಮೈದಾನದಲ್ಲಿ ವೇಷ ತೊಟ್ಟು ಕಾಣಿಸಿಕೊಳ್ಳುವ ತಂಡದ ಗುರುತು, ಒಂದು ಕೋತಿ, ಹೆಸರು ಹ್ಯಾಂಗಸ್.

ಇಲ್ಲೇ ನೀವು ಜಾರಿದ್ದು. ನಿಮ್ಮ ಹನ್ನೆರಡನೆಯ ಐಟಂ ಹೀಗಿದೆ: ‘ಮುಂದಿನ ಚುನಾವಣೆಯಲ್ಲಿ ಹಾರ್ಟ್ಲಿಪೂಲ್ ಜನ ಕೋತಿಯನ್ನೇ ಮೇಯರ್ ಮಾಡಲಿದ್ದಾರೆ.’ ಆಗಲೇ ಮಾಡಿದ್ದಾರೆ! 2002ರಲ್ಲಿ ಹ್ಯಾಂಗಸ್ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮ್ಮಂಡ್ ಮೇಯರ್ ಚುನಾವಣೆಗೆ ನಿಂತರು. ಶಾಲೆ ಮಕ್ಕಳಿಗೆ ಪುಕ್ಕಟೆ ಬಾಳೆಹಣ್ಣು ಕೊಡುತ್ತೇನೆ ಅಂತ ಭರವಸೆ ಕೊಟ್ಟರು. ಗೆದ್ದರು. 2005ರಲ್ಲಿ ಮತ್ತೆ ಗೆದ್ದರು, 2009ರಲ್ಲಿ ಮೂರನೇ ಸಲ. ನೀವು ಕಟ್ಟಿದ ಸುಳ್ಳು ಆ ಊರಿನ ನಿಜಕ್ಕಿಂತ ಚಿಕ್ಕದಾಗಿಬಿಟ್ಟಿದೆ. ವಿಷಯ ಗೊತ್ತಿರುವ ಒಬ್ಬ ಓದುಗ ಸಿಕ್ಕರೂ ಸಾಕು, ಅಲ್ಲಿಂದ ಮುಂದೆ ನಿಮ್ಮ ಯಾವ ಸಾಲೂ ಅವರಿಗೆ ನಾಟುವುದಿಲ್ಲ.

ಆದ್ದರಿಂದ ನನ್ನ ಮೊದಲ ಮಾತು ಇದು: ಸುಳ್ಳು ಬರೆಯುವ ಮುಂಚೆ ನಿಜವನ್ನು ಪೂರ್ತಿ ಓದಿ. ಹಾರ್ಟ್ಲಿಪೂಲ್ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಬೇಕು, ಯಾಕಂದರೆ ಅಲ್ಲಿ ನಿಜವೇ ವಿಚಿತ್ರ. 1916ರಲ್ಲಿ ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಯೊಂದು ಬಾಂಬ್ ಹಾಕಿ ಆ ಕ್ಲಬ್ಬಿನ ಪ್ರೇಕ್ಷಕರ ಮರದ ಸ್ಟ್ಯಾಂಡ್ ಹಾಳು ಮಾಡಿತು. ಯುದ್ಧ ಮುಗಿದ ಮೇಲೆ ಕ್ಲಬ್ ಪರಿಹಾರ ಕೊಡಿ ಅಂತ ಜರ್ಮನಿ ಸರ್ಕಾರವನ್ನೇ ಕೇಳಿತು. ಹಳೆಯ ಲೀಗ್ ಪದ್ಧತಿಯಲ್ಲಿ ತಳಕ್ಕೆ ಬಿದ್ದ ತಂಡಗಳು ನಮ್ಮನ್ನು ಉಳಿಸಿಕೊಳ್ಳಿ ಅಂತ ಉಳಿದ ಕ್ಲಬ್ಬುಗಳ ಮತ ಕೇಳಬೇಕಿತ್ತು. ಹಾರ್ಟ್ಲಿಪೂಲ್ ಹಾಗೆ ಕೇಳಿದ್ದು 14 ಸಲ, ಪ್ರತಿ ಸಲವೂ ಉಳಿಯಿತು. 2012ರಲ್ಲಿ ಸೀಸನ್ನಿನ ಕೊನೆಯ ಪಂದ್ಯಕ್ಕೆ ಆ ಕ್ಲಬ್ಬಿನ ಅಭಿಮಾನಿಗಳು ಮೈಗೆಲ್ಲಾ ನೀಲಿ ಬಳಿದುಕೊಂಡು ಸ್ಮರ್ಫ್ ಅನ್ನುವ ಕಾರ್ಟೂನಿನ ನೀಲಿ ಕುಳ್ಳರ ವೇಷದಲ್ಲಿ ಲಂಡನ್ನಿನ ಚಾರ್ಲ್ಟನ್ ಮೈದಾನಕ್ಕೆ ಹಿಂಡುಗಟ್ಟಿ ಹೋದರು. ಒಬ್ಬ ಕನ್ನಡಿಗನ ಕಣ್ಣಿಗೆ ಬೀಳಲೇಬೇಕಿದ್ದ ಇನ್ನೊಂದು ವಿಷಯ: ಅಲ್ಲಿನ ಹಡಗುಕಟ್ಟೆಯಲ್ಲಿ ನಿಂತಿರುವ ಹಳೆಯ ಯುದ್ಧನೌಕೆ ಟ್ರಿಂಕಾಮಲೀ. ಅದು ಕಟ್ಟಿದ್ದು ಬಾಂಬೆಯಲ್ಲಿ, 1817ರಲ್ಲಿ, ತೇಗದ ಮರದಿಂದ. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇಂದಿಗೂ ನೀರಿನ ಮೇಲಿರುವ ಅತಿ ಹಳೆಯದು ಅದು. ಇಂಡಿಯಾದಿಂದ ಹೋದ ನೀವು, ಇಂಡಿಯಾದಿಂದ ಹೋದ ಆ ಹಡಗು, ಇಬ್ಬರೂ ಒಂದೇ ಸೀಮೆಯಲ್ಲಿ ಇದ್ದೀರಿ. ಆ ಹಡಗಿನ ಬಗ್ಗೆ ಬೇರೆ ಯಾರಿಗೂ ಹೊಳೆಯದ ಸುಳ್ಳು ನಿಮಗೆ ಹೊಳೆಯಬೇಕು.

ಈಗ ನಿಮ್ಮ ಹದಿನೇಳನೆಯ ಐಟಂ. ಇದನ್ನು ನಿಮ್ಮ ಮಾತಿನಲ್ಲೇ ಪೂರ್ತಿ ಕೊಡುತ್ತೇನೆ:

‘ನಿಮಗೆ ಗೊತ್ತಾ? ಹಾರ್ಟ್ಲಿಪೂಲ್ ಬೀಚಿನಲ್ಲಿ ಇವತ್ತಿಗೂ ಒಬ್ಬ ಗುಮಾಸ್ತ ಮೇಜು ಹಾಕಿಕೊಂಡು ಕೂತಿರುತ್ತಾನೆ. ದೋಣಿ ಇಳಿದು ಬರುವ ಎಲ್ಲರನ್ನೂ ಫ್ರೆಂಚ್ ಬರುತ್ತಾ ಅಂತ ಕೇಳುತ್ತಾನೆ. ಬರುತ್ತೆ ಅಂದರೆ ಗೂಢಚಾರ. ಬರಲ್ಲ ಅಂದರೆ ಕೋತಿ. ಯಾಕಂದರೆ ಈ ಮುಠ್ಠಾಳ ಜನ ಹಿಂದೆ ಒಂದು ಕೋತಿಯನ್ನು ಫ್ರೆಂಚ್ ಗೂಢಚಾರ ಅಂದುಕೊಂಡು ನೇಣಿಗೆ ಹಾಕಿದ್ದರು, ಹ್ಹಹ್ಹಹ್ಹ!!!’

ಓದಿ ಜೋರಾಗಿ ನಕ್ಕೆ. ‘ಬರುತ್ತೆ ಅಂದರೆ ಗೂಢಚಾರ. ಬರಲ್ಲ ಅಂದರೆ ಕೋತಿ.’ ಎಂಥ ಒಳ್ಳೆಯ ಸಾಲು! ಹಳೆಯ ಕತೆಯನ್ನು ನೀವು ಸುಮ್ಮನೆ ಮತ್ತೆ ಹೇಳಿಲ್ಲ, ಅದನ್ನು ಇಂದಿಗೆ ತಂದಿದ್ದೀರಿ. ಊರಿನ ಕೌನ್ಸಿಲ್ ಇನ್ನೂ ಅದೇ ಕೆಲಸವನ್ನು ಅಚ್ಚುಕಟ್ಟಾಗಿ ನಡೆಸುತ್ತಿದೆ ಅನ್ನುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಮೇಜು ಬಂದಿದ್ದರಿಂದ ಅದು ಕಚೇರಿ ಆಯಿತು. ಗುಮಾಸ್ತ ಅಂದಿದ್ದರಿಂದ ಅವನಿಗೊಂದು ಸಂಬಳ, ಒಂದು ರಜೆ, ಒಂದು ನಿವೃತ್ತಿ ಎಲ್ಲ ಇರಬೇಕು ಅನ್ನಿಸುತ್ತದೆ. ಊರಿನ ಯಾರನ್ನೂ ನೀವು ಬೈಯಬೇಕಾಗಿಯೇ ಬರಲಿಲ್ಲ.

ಆಮೇಲೆ ಬೈದಿರಿ. ಓದುಗ ಆಗಷ್ಟೇ ನಕ್ಕಿದ್ದಾನೆ. ಯಾಕೆ ನಗಬೇಕು ಅಂತ ವಿವರಿಸಲು ಹೋದರೆ ಅವನ ನಗು ಅಲ್ಲೇ ನಿಂತುಹೋಗುತ್ತದೆ. ‘ಕೋತಿ’ ಅನ್ನುವಲ್ಲಿ ಪೂರ್ಣವಿರಾಮ ಹಾಕಿ. ‘ಯಾಕಂದರೆ’ಯಿಂದ ಮುಂದಿನದೆಲ್ಲ ತೆಗೆಯಿರಿ. ಮೊದಲಿನ ‘ನಿಮಗೆ ಗೊತ್ತಾ?’ ಕೂಡ ಬೇಡ. ಮೂವತ್ತು ಸಲ ಅದನ್ನೇ ಕೇಳಿದ್ದೀರಿ. ಇಂಥ ಬರಹದ ದನಿ ಜಿಲ್ಲಾ ಗೆಜೆಟಿಯರ್ ಬರೆಯುವ ಅಧಿಕಾರಿಯದ್ದು ಆಗಿರಬೇಕು. ಅವರು ಆಶ್ಚರ್ಯಸೂಚಕ ಹಾಕುವುದಿಲ್ಲ, ತಾವೇ ನಗುವುದಿಲ್ಲ, ಮಳೆ ಎಷ್ಟು ಬಂತು ಅಂತ ಬರೆದಷ್ಟೇ ಗಂಭೀರವಾಗಿ ಬೀಚಿನ ಗುಮಾಸ್ತನ ಬಗ್ಗೆಯೂ ಬರೆಯುತ್ತಾರೆ.

ಆದರೆ ಆ ಕೋತಿ ಕತೆ ಗೊತ್ತಿಲ್ಲದ ಕನ್ನಡ ಓದುಗರಿಗೆ ಏನು ಅರ್ಥವಾಗುತ್ತದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಆ ಕತೆಯನ್ನು ಬರಹದ ಶುರುವಿನಲ್ಲೇ ನಾಲ್ಕೈದು ಸಾಲಿನಲ್ಲಿ ನೇರವಾಗಿ ಹೇಳಿಬಿಡಿ. ಆ ಭಾಗದಲ್ಲಿ ಒಂದು ಸುಳ್ಳೂ ಬೇಡ, ಮೇಯರ್ ವಿಷಯವೂ ಅಲ್ಲೇ ಬರಲಿ. ಅಷ್ಟು ಓದಿದ ಮೇಲೆ ಓದುಗ ನಿಮ್ಮ ಜೊತೆ ಎಲ್ಲಿಗೆ ಬೇಕಾದರೂ ಬರುತ್ತಾನೆ.

ಇನ್ನು ಮೂರು ಐಟಂಗಳು ನನಗೆ ನಿಜಕ್ಕೂ ಬೇಸರ ತಂದವು. ಒಂದರಲ್ಲಿ ‘ಕೆಲಸ ಇರುವ ಒಬ್ಬನೇ ಒಬ್ಬನನ್ನು ಅಲ್ಲಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ’ ಅಂದಿದ್ದೀರಿ. ಹಡಗು ಕಟ್ಟಿ ಬದುಕಿದ ಊರು ಅದು. 1960ರ ದಶಕದ ಶುರುವಿನಲ್ಲಿ ಆ ಕೆಲಸ ನಿಂತಿತು, ಮುಂದೆ ಉಕ್ಕಿನ ಕೆಲಸವೂ ಹೋಯಿತು. ಕೆಲಸ ಕಳೆದುಕೊಂಡ ಮನೆಗಳನ್ನು ನೋಡಿ ನಗುವುದು ಫುಟ್‌ಬಾಲ್ ತಮಾಷೆ ಅಲ್ಲ. ಇನ್ನೊಂದರಲ್ಲಿ ‘ಜರ್ಮನ್ನರ ಗುಂಡುಗಳೇ ಊರನ್ನು ಚೆಂದ ಮಾಡಿದವು’ ಅಂದಿದ್ದೀರಿ. 1914ರ ಡಿಸೆಂಬರ್ 16ರ ಬೆಳಿಗ್ಗೆ ಜರ್ಮನ್ ಯುದ್ಧನೌಕೆಗಳು ಆ ಊರಿನ ಮೇಲೆ ಗುಂಡಿನ ಮಳೆ ಸುರಿಸಿದವು, ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಕ್ಲಬ್ ಜರ್ಮನಿಯಿಂದ ಸ್ಟ್ಯಾಂಡಿನ ದುಡ್ಡು ಕೇಳಿದ್ದಕ್ಕೆ ಎಷ್ಟು ಬೇಕಾದರೂ ನಗಿ, ಅವರೂ ನಗುತ್ತಾರೆ. ಸತ್ತವರ ಕಡೆ ಹೋಗಬೇಡಿ. ಮೂರನೆಯದು ಕ್ಲಬ್ಬಿನ ಹಳೆಯ ಅಧಿಕಾರಿಯೊಬ್ಬರು ದುಡ್ಡು ಹೊಡೆದರು ಅನ್ನುವುದು. ಅದು ಸುಳ್ಳು ಅಂತ ಓದುಗರಿಗೆ ಗೊತ್ತಾಗುವುದು ಹೇಗೆ? ನಡೆದಿರಬಹುದು ಅನ್ನಿಸುವ ಸುಳ್ಳು ಸೀದಾ ಅಪವಾದ. ಅದನ್ನು ನಾವು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಬೀಚಿನ ಗುಮಾಸ್ತ ನಿಜವಾಗಿ ಇರಲು ಸಾಧ್ಯವಿಲ್ಲ ಅಂತ ಮೊದಲ ಸಾಲಿನಲ್ಲೇ ಎಲ್ಲರಿಗೂ ಗೊತ್ತು. ಆದ್ದರಿಂದಲೇ ಅದು ಯಾರನ್ನೂ ನೋಯಿಸುವುದಿಲ್ಲ.

ನಿಮ್ಮ ಬರಹದಲ್ಲಿ ನನಗೆ ಕಾಣದೇ ಹೋದದ್ದು ಡಾರ್ಲಿಂಗ್ಟನ್. ಒಂದು ಊರಿನವರು ಇನ್ನೊಂದು ಊರಿನ ಕಾಲೆಳೆಯುವಾಗ ತಮ್ಮ ಹುಳುಕನ್ನೂ ಸ್ವಲ್ಪ ತೋರಿಸಿದರೆ ಓದುಗರು ಹತ್ತಿರ ಬರುತ್ತಾರೆ. ನಿಮ್ಮ ಕ್ಲಬ್ಬಿನಲ್ಲಿ ಅದಕ್ಕೆ ಬರವಿಲ್ಲ. 1999ರಲ್ಲಿ ನಿಮ್ಮ ತಂಡ ಸೋತವರು ಹೊರಬೀಳುವ ಪಂದ್ಯಾವಳಿಯಾದ ಎಫ್‌ಎ ಕಪ್ಪಿನ ಎರಡನೇ ಸುತ್ತಿನಲ್ಲಿ ಗಿಲ್ಲಿಂಗ್‌ಹ್ಯಾಮ್ ಎದುರು ಸೋತಿತು. ಅದೇ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಕಪ್ಪಿನಿಂದ ಹಿಂದೆ ಸರಿದಿತ್ತು. ಆ ಖಾಲಿ ಜಾಗಕ್ಕೆ ಸೋತ ತಂಡಗಳ ಹೆಸರಿನ ಚೀಟಿ ಎತ್ತಿದರು, ಡಾರ್ಲಿಂಗ್ಟನ್ ಬಂತು, ಮೂರನೇ ಸುತ್ತಿಗೆ ಹೋಗಿ ಆಸ್ಟನ್ ವಿಲ್ಲಾ ಎದುರು ಮತ್ತೆ ಸೋತಿತು. ಒಂದೇ ಕಪ್ಪಿನಲ್ಲಿ ಎರಡು ಸಲ ಸೋತು ಹೊರಬಿದ್ದ ತಂಡ ನಿಮ್ಮದು! 2003ರಲ್ಲಿ ಅದೇ ಕ್ಲಬ್ಬಿಗೆ 25,000 ಜನ ಕೂರುವ ಮೈದಾನ ಕಟ್ಟಿದರು. ಸಾಮಾನ್ಯ ಪಂದ್ಯಗಳಿಗೆ ಬರುತ್ತಿದ್ದವರು ಕೆಲವೇ ಸಾವಿರ ಜನ. ಪ್ಯಾಸೆಂಜರ್ ರೈಲಿನ ಚರಿತ್ರೆಯಲ್ಲಿ 1825ರಿಂದ ಹೆಸರಿರುವ ನಿಮ್ಮ ಊರಿನಲ್ಲಿ 1997ರಲ್ಲಿ ಇಟ್ಟಿಗೆಯ ರೈಲೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ. ಅದಕ್ಕೆ ಹಿಡಿದದ್ದು 1,85,000 ಇಟ್ಟಿಗೆ. ಆ ರೈಲು ಎಲ್ಲಿಗೂ ಹೋಗುವುದಿಲ್ಲ. ಹಾರ್ಟ್ಲಿಪೂಲ್‌ನವನೊಬ್ಬ ಇದರ ಬಗ್ಗೆ ಏನು ಹೇಳಬಹುದು ಅಂತ ಯೋಚಿಸಿ, ಅದನ್ನು ಅವನ ಬಾಯಲ್ಲೇ ಹೇಳಿಸಿ. ಬರಹದ ಮಧ್ಯದಲ್ಲಿ ಹಾರ್ಟ್ಲಿಪೂಲ್‌ಗೆ ಎರಡು ಏಟು ಹೊಡೆಯುವ ಅವಕಾಶ ಕೊಟ್ಟರೆ ನಿಮ್ಮ ಏಟಿಗೂ ಬೆಲೆ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. 2012ರಲ್ಲಿ ನಿಮ್ಮ ಹಳೆಯ ಕ್ಲಬ್ ಮುಳುಗಿದಾಗ ಅಭಿಮಾನಿಗಳೇ ಸೇರಿ ಹೊಸ ಕ್ಲಬ್ ಕಟ್ಟಿದರು. ಕೆಲವು ವರ್ಷ ಪಕ್ಕದ ಬಿಷಪ್ ಆಕ್‌ಲ್ಯಾಂಡಿನಲ್ಲಿ ಆಡಿ, 2016ರಲ್ಲಿ ಸ್ವಂತ ಊರಿಗೆ ಮರಳಿದರು. ಆ ಗಾಯ ಇನ್ನೂ ಹಸಿ ಇರುವವರು ನಿಮ್ಮ ಪಕ್ಕದ ಸೀಟಿನಲ್ಲೇ ಇದ್ದಾರು. ಅವರನ್ನು ಕೇಳಿಕೊಂಡು ಬರೆಯಿರಿ.

ಮತ್ತೆ ಕಳಿಸುವಾಗ ಆರುನೂರು ಪದ ಮೀರಬೇಡಿ. ಐಟಂಗಳು ಎಂಟು ಸಾಕು, ನಂಬರ್ ಹಾಕಬೇಡಿ. ಗುಮಾಸ್ತನದ್ದು ಕೊನೆಗಿರಲಿ. ಟ್ರಿಂಕಾಮಲೀ ಹಡಗಿನ ಬಗ್ಗೆ ಹೊಸದಾಗಿ ಒಂದನ್ನು ಬರೆಯಿರಿ. ಅದಕ್ಕೆ ಮುಂಚೆ ಒಂದು ರಜಾದಿನ ಹಾರ್ಟ್ಲಿಪೂಲ್‌ಗೆ ಹೋಗಿ ಆ ಹಡಗು ಹತ್ತಿ ಬನ್ನಿ. ಮುಂದಿನ ಎರಡು ಸಂಚಿಕೆಗಳ ಹಾಸ್ಯದ ಪುಟ ತುಂಬಿದೆ, ಅದರ ನಂತರದ್ದರಲ್ಲಿ ನಿಮಗೆ ಜಾಗ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ