ಕುಗ್ಗಿ ಜಿಗಿದರೆ ಹೆಚ್ಚು ಎತ್ತರ ಏಕೆ? ಹೊಳೆಯ ಮರಳಿನಲ್ಲಿ ಅಭ್ಯಾಸ ಮಾಡಬಹುದೇ?

ಹೀಗೆ ಕೇಳಿದವರು ಕೊಪ್ಪಳದ ವಾಲಿಬಾಲ್ ಆಟಗಾರರು. ಎತ್ತರವನ್ನು ನಿರ್ಧರಿಸುವುದು ಪಾದ ನೆಲ ಬಿಡುವ ಕ್ಷಣದ ವೇಗ. ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಚಿಮ್ಮಿದರೆ ದೇಹ ಸುಮಾರು 40 ಸೆಂಟಿಮೀಟರ್ ಏರುತ್ತದೆ.

ಕುಗ್ಗುವಾಗ ದೇಹದ ಇಳಿತವನ್ನು ತಡೆಯಲು ತೊಡೆ, ಮೀನಖಂಡಗಳ ಸ್ನಾಯುಗಳು ಆಗಲೇ ಬಿಗಿದಿರುತ್ತವೆ. ಹಾಗಾಗಿ ಮೇಲಕ್ಕೆ ತಳ್ಳುವ ಮೊದಲ ಕ್ಷಣದಿಂದಲೇ ಪೂರ್ಣ ಬಲ ಸಿಗುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹಿಗ್ಗಿ, ರಬ್ಬರಿನಂತೆ ಸ್ವಲ್ಪ ಶಕ್ತಿಯನ್ನು ಮರಳಿಸುತ್ತದೆ. ನೀವೇ ನೋಡಿ: ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು, ಕುಗ್ಗಿದ ತಕ್ಷಣ ಜಿಗಿದು ಗೋಡೆಗೆ ಗುರುತು ಹಾಕಿ. ಆಮೇಲೆ ಕುಗ್ಗಿ, ಮೂರು ಎಣಿಸುವವರೆಗೆ ನಿಂತು ಜಿಗಿಯಿರಿ. ಎರಡನೆಯ ಗುರುತು ಸಾಮಾನ್ಯವಾಗಿ ಕೆಳಗೇ ಬೀಳುತ್ತದೆ.

ತುಂಗಭದ್ರೆಯ ಮರಳು ಪಾದದಡಿ ಜರುಗಿ ಈ ಶಕ್ತಿಯನ್ನು ನುಂಗುತ್ತದೆ. ಕೀಲುಗಳಿಗೆ ಪೆಟ್ಟು ಕಡಿಮೆ, ಆದ್ದರಿಂದ ಹೊಸಬರಿಗೆ ಒಳ್ಳೆಯದು. ಆದರೆ ಚುರುಕಾದ ಪುಟಿತ ಕಲಿಯಲು ಗಟ್ಟಿ, ಸಮತಟ್ಟಾದ ನೆಲವೇ ಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಹೊಲದಲ್ಲಿ ಮಾತ್ರ ದಯವಿಟ್ಟು ಜಿಗಿಯಬೇಡಿ, ಕಣಕಾಲು ಉಳುಕುತ್ತದೆ.

ಪೆಟ್ಟಿಗೆಯಿಂದ ಧುಮುಕಿ ಪುಟಿಯುವ ಕಠಿಣ ಅಭ್ಯಾಸಕ್ಕೆ ಅವಸರ ಬೇಡ. ಮೊದಲು ಮಂಡಿಗಳು ಒಳಕ್ಕೆ ವಾಲದಂತೆ, ಸದ್ದಿಲ್ಲದೆ ಇಳಿಯುವುದನ್ನು ಕಲಿಯಿರಿ.