ಸೂರ್ಯ ಮುಳುಗಿದ ಮೇಲಿನ ವಿದ್ಯುತ್ತು

ಪ್ರಶ್ನೆ: ಪಾವಗಡದಂಥ ಸೋಲಾರ್ ಪಾರ್ಕುಗಳಿದ್ದರೂ ಸಂಜೆ ಕಲ್ಲಿದ್ದಲನ್ನೇ ಉರಿಸಬೇಕಾಗುತ್ತದೆಯಲ್ಲ, ಇದಕ್ಕೆ ಸರ್ಕಾರ ಯಾವ ನೀತಿ ತರಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಪಾವಗಡದ 2,050 ಮೆಗಾವಾಟ್ ಸೂರ್ಯ ಮುಳುಗಿದೊಡನೆ ಸೊನ್ನೆಗಿಳಿಯುತ್ತದೆ, ಮನೆಮನೆಯ ದೀಪ, ಟಿ.ವಿ., ಮಿಕ್ಸಿಗಳು ಚಾಲೂ ಆಗುವುದೂ ಆಗಲೇ. ಆದ್ದರಿಂದ ಬರೀ ಫಲಕಗಳಿಗೆ ಟೆಂಡರ್ ಕರೆಯುವ ಬದಲು, ಸಂಜೆ ಇಂತಿಷ್ಟು ಗಂಟೆ ವಿದ್ಯುತ್ ಪೂರೈಸಲೇಬೇಕೆಂಬ ಷರತ್ತಿನೊಡನೆ ಬ್ಯಾಟರಿ ಅಥವಾ ಪಂಪ್ಡ್ ಸ್ಟೋರೇಜ್ ಸಮೇತ ಕರೆಯುವುದು ಮೇಲು. ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಸಂಜೆ ಟರ್ಬೈನಿನ ಮೂಲಕ ಇಳಿಸುವ ಈ ಪಂಪ್ಡ್ ಸ್ಟೋರೇಜ್ ತಂತ್ರ ಹಳೆಯದೇ. ಆದರೆ ಶರಾವತಿ ಕಣಿವೆಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವಾಟ್ ಘಟಕವು ಸಿಂಗಳೀಕಗಳ ಅಭಯಾರಣ್ಯವನ್ನು ತಟ್ಟುವುದರಿಂದ, ಅಂಥ ಜಾಗದ ಆಯ್ಕೆ ನನಗೆ ಸರಿಯೆನ್ನಿಸುವುದಿಲ್ಲ. ಅದಕ್ಕಿಂತ ಅಗ್ಗದ ಕೆಲಸವೆಂದರೆ, ನೀರಾವರಿ ಪಂಪ್‌ಸೆಟ್ಟುಗಳ ಪ್ರತ್ಯೇಕ ಫೀಡರುಗಳಿಗೆ (ವಿದ್ಯುತ್ ಮಾರ್ಗಗಳಿಗೆ) ಬಿಸಿಲಿನ ಹೊತ್ತಿನಲ್ಲೇ ತ್ರೀಫೇಸ್ ಕೊಡುವುದು. ಆಗ ಸಂಜೆಯ ಬೇಡಿಕೆ ತಗ್ಗೀತು, ರೈತರ ರಾತ್ರಿ ನಿದ್ದೆಯೂ ಉಳಿದೀತು.